ಒಂದೇ ಮಧ್ಯಾಹ್ನ ಇದ್ದರೆ: ಮ್ಯಾಪಾ, ಎನ್‌ಜಿಎಂಎನಾ, ಪರಿಷತ್ತಾ?

ಬೆಂಗಳೂರಲ್ಲಿ ಚಿತ್ರಕಲೆ ನೋಡಲು ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ಈಗ ಮೊದಲು ಬರುವ ಹೆಸರು ಮ್ಯಾಪ್. ಕಸ್ತೂರ್ಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ. 2023ರ ಫೆಬ್ರವರಿಯಲ್ಲಿ ತೆರೆದಾಗಿನಿಂದ ಅದರದ್ದೇ ಮಾತು. ಅದಕ್ಕೂ ಮುಂಚೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎ ಹೆಸರು ಹೇಳುತ್ತಿದ್ದರು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಅಂದರೆ ಮಾತ್ರ, "ಓ, ಚಿತ್ರಸಂತೆ ಮಾಡ್ತಾರಲ್ಲ, ಅಲ್ವಾ?" ಅಂತಲೋ, "ಅಲ್ಲಿ ಸೀರೆ ಮೇಳ ಚೆನ್ನಾಗಿರುತ್ತೆ" ಅಂತಲೋ ಮಾತು ಬೇರೆ ಕಡೆ ತಿರುಗುತ್ತದೆ. ಮೂರು ಕಡೆಯೂ ಮತ್ತೆ ಮತ್ತೆ ಹೋಗಿ ನೋಡಿದವನಾಗಿ ಹೇಳುತ್ತೇನೆ, ಈ ಸಾಲನ್ನು ಸ್ವಲ್ಪ ತಿರುಗಿಸಬೇಕು.

ಮೊದಲು ಮ್ಯಾಪ್. ಕಟ್ಟಡದ ಹೊರಮೈಗೆ ಉಕ್ಕಿನ ಹಲಗೆಗಳು, ಅವುಗಳ ಮೇಲೆಲ್ಲ ಗುಣಾಕಾರದ ಗುರುತಿನಂಥ ಉಬ್ಬು. ಹಳೆಯ ನೀರಿನ ಟ್ಯಾಂಕು ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಅಭಿಷೇಕ್ ಪೋದ್ದಾರ್ ಅವರ ಖಾಸಗಿ ಸಂಗ್ರಹದಿಂದ ಶುರುವಾದ ಜಾಗ ಇದು. ಇಲ್ಲಿ ಮೆಚ್ಚಬೇಕಾದ್ದು ಕಥೆ ಹೇಳುವ ರೀತಿ. ಶುರುವಿನ ಪ್ರದರ್ಶನಗಳಲ್ಲಿ ಒಂದು, ಕಲೆಯಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾ ಬಂದಿದ್ದಾರೆ ಅನ್ನುವುದರ ಬಗ್ಗೆ ಇತ್ತು. ದೇವಿಯ ಹಳೆ ಶಿಲ್ಪ, ಆಧುನಿಕ ಚಿತ್ರ, ಸಿನಿಮಾದ ಸರಕು ಎಲ್ಲ ಒಂದೇ ಮಾತಿನ ಎಳೆಯಲ್ಲಿ. ಜೊತೆಗೆ ಜ್ಯೋತಿ ಭಟ್ ಅವರ ಫೋಟೊಗಳು. ಬರೋಡದ ಈ ಕಲಾವಿದರು ಕ್ಯಾಮೆರಾ ಹಿಡಿದು ಹಳ್ಳಿ ಹಳ್ಳಿ ಸುತ್ತಿ, ಗೋಡೆ ಚಿತ್ತಾರ, ರಂಗೋಲಿ ಎಲ್ಲ ಅಳಿಸಿಹೋಗುವ ಮೊದಲು ದಾಖಲಿಸಿಟ್ಟವರು. ಗೋಡೆಯನ್ನು ಮಾತ್ರ ತೆಗೆಯದೆ, ಅದರ ಮುಂದೆ ನಿಂತ ಮನುಷ್ಯರನ್ನೂ ಸೇರಿಸಿಕೊಳ್ಳುತ್ತಿದ್ದರು. ಆ ಫೋಟೊಗಳ ಗೆಲುವು ಅಲ್ಲೇ ಇದೆ. ನಮ್ಮ ಕೋಟೇಶ್ವರದ ಶಿಲ್ಪಿ ಎಲ್.ಎನ್. ತಲ್ಲೂರ್ ಅವರ ಕೆಲಸಕ್ಕೂ ಆಗ ಜಾಗ ಸಿಕ್ಕಿತ್ತು.

ಮಕ್ಕಳನ್ನೋ, ಚಿತ್ರ ಅಂದರೆ ಆಕಳಿಸುವ ಭಾವನನ್ನೋ ಕರೆದುಕೊಂಡು ಹೋಗುವುದಾದರೆ ಕಣ್ಣುಮುಚ್ಚಿ ಮ್ಯಾಪ್ ಅನ್ನುತ್ತೇನೆ. ಮುಟ್ಟಿ ನೋಡುವ ಪ್ರತಿಕೃತಿಗಳಿವೆ, ಕಣ್ಣು ಕಾಣದವರಿಗೂ ವ್ಯವಸ್ಥೆ ಇದೆ, ಲಿಫ್ಟ್ ಇದೆ, ಮೇಲೆ ಊಟಕ್ಕೂ ಜಾಗ ಇದೆ. ನನಗೆ ಸ್ಕ್ರೀನು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಅಷ್ಟೆ. ಪಕ್ಕದಲ್ಲಿ ಏನೋ ಮಿನುಗುತ್ತಿದ್ದರೆ ಚಿತ್ರದ ಮುಂದೆ ನಿಲ್ಲುವ ತಾಳ್ಮೆ ಕರಗುತ್ತದೆ. ಇನ್ನೊಂದು ಮಾತು: ಇಲ್ಲಿ ಪ್ರದರ್ಶನಗಳು ಬದಲಾಗುತ್ತಲೇ ಇರುತ್ತವೆ. ಹೋದ ಸಲ ಇಷ್ಟವಾದದ್ದನ್ನು ಮತ್ತೆ ನೋಡೋಣ ಅಂತ ಹೋದರೆ ಅದು ಅಷ್ಟೊತ್ತಿಗೆ ಗೋದಾಮು ಸೇರಿರುತ್ತದೆ.

ಎನ್‌ಜಿಎಂಎ ಇದಕ್ಕೆ ಪೂರ್ತಿ ವಿರುದ್ಧ. ಗಣಿ ಮಾಲೀಕ ಮಾಣಿಕ್ಯವೇಲು ಮೊದಲಿಯಾರ್ ಅವರಿದ್ದ ಬಂಗಲೆ, ಸುತ್ತ ಸುಮಾರು ಮೂರೂವರೆ ಎಕರೆ ಜಾಗ, ದೊಡ್ಡ ದೊಡ್ಡ ಮರಗಳು. ದೆಹಲಿ, ಮುಂಬೈ ಆದ ಮೇಲೆ 2009ರಲ್ಲಿ ಇಲ್ಲಿ ಮೂರನೆಯ ರಾಷ್ಟ್ರೀಯ ಗ್ಯಾಲರಿ ಶುರುವಾಯಿತು. ಹಳೆ ಬಂಗಲೆಯ ಪಕ್ಕಕ್ಕೆ ಹೊಸ ಕಟ್ಟಡ ಸೇರಿಸಿದ್ದಾರೆ. ವಾರದ ದಿನ ಹೋದರೆ ಒಂದು ಕೋಣೆಯಲ್ಲಿ ನೀವೊಬ್ಬರೇ ಇರುವುದೂ ಉಂಟು. ರವಿವರ್ಮ, ಅಮೃತಾ ಶೇರ್‌ಗಿಲ್, ಬಂಗಾಳದ ಜಾಮಿನಿ ರಾಯ್ ಅಂಥವರ ಚಿತ್ರವನ್ನು ಇಷ್ಟು ನೆಮ್ಮದಿಯಾಗಿ ನೋಡುವ ಜಾಗ ಈ ಊರಲ್ಲಿ ಬೇರೆ ಇಲ್ಲ. ಟಿಕೆಟ್ಟಿಗೆ ಕೊಡುವ ದುಡ್ಡಿಗೆ ಹೊರಗೆ ಒಂದು ಮಸಾಲೆ ದೋಸೆಯೂ ಬರುವುದಿಲ್ಲ.

ಜಾಮಿನಿ ರಾಯ್ ಚಿತ್ರ ಸಿಕ್ಕರೆ ಹತ್ತಿರ ಹೋಗಿ ನೋಡಿ. ದಪ್ಪ ಕಪ್ಪು ಗೆರೆ ಕಣ್ಣಿನ ಆಚೆ ಮುಖದ ಅಂಚಿನ ತನಕ ಒಂದೇ ಎಳೆತದಲ್ಲಿ ಹೋಗಿರುತ್ತದೆ. ದುಬಾರಿ ವಿಲಾಯತಿ ಬಣ್ಣ ಬಿಟ್ಟು ಮಣ್ಣು, ದೀಪದ ಕಾಡಿಗೆ, ಹುಣಸೆ ಬೀಜದ ಅಂಟು ಹಿಡಿದ ಮನುಷ್ಯ. ಹಾಗಾಗಿ ಬಣ್ಣಕ್ಕೆ ಹೊಳಪು ಕಡಿಮೆ, ಸುಣ್ಣದ ಗೋಡೆಯ ಹಾಗೆ ಬೆಳಕನ್ನು ಕುಡಿದುಬಿಡುತ್ತದೆ. ಫೋನಿನಲ್ಲಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ಎನ್‌ಜಿಎಂಎನಲ್ಲಿ ಒಂದು ತಯಾರಿ ಬೇಕು. ಇಲ್ಲಿ ಚಿತ್ರಗಳು ತಮ್ಮ ಪಾಡಿಗೆ ತಾವು ಇರುತ್ತವೆ, ಮ್ಯಾಪಿನ ಹಾಗೆ ಕೈಹಿಡಿದು ನಡೆಸುವುದಿಲ್ಲ. ಬಂಗಾಳದ ಕಲಾವಿದರು ವಿಲಾಯತಿ ಶೈಲಿ ಬಿಟ್ಟು ಯಾಕೆ ಬೇರೆ ದಾರಿ ಹಿಡಿದರು ಅನ್ನುವಷ್ಟಾದರೂ ಮೊದಲೇ ಓದಿಕೊಂಡು ಹೋದರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ಸುಮ್ನೆ ಕೋಣೆಯಿಂದ ಕೋಣೆಗೆ ನಡೆದು, ಮರದ ಕೆಳಗೆ ಕೂತು ಫೋಟೊ ತೆಗೆಸಿಕೊಂಡು ಬರುವುದಾಗುತ್ತದೆ. ಅದಕ್ಕೇ ಬರುವವರೂ ಇದ್ದಾರೆ ಬಿಡಿ, ಜಾಗ ಅಷ್ಟು ಚೆಂದ.

ಇನ್ನು ಪರಿಷತ್ತು. 1960ರಲ್ಲಿ ಶುರುವಾದದ್ದು, ಎಂ.ಎಸ್. ನಂಜುಂಡರಾವ್ ಕಟ್ಟಿದ ಸಂಸ್ಥೆ. ಹೊರಗಡೆ ಮೇಳದ ಗದ್ದಲ ಇರುತ್ತದೆ. ಬಾಡಿಗೆ ಗ್ಯಾಲರಿಗಳಲ್ಲಿ ವಾರವಾರವೂ ಹೊಸ ಪ್ರದರ್ಶನ. ಇಲ್ಲಿ ಒಂದಷ್ಟು ಒಳ್ಳೆಯದು, ಒಂದಷ್ಟು ಕುದುರೆ, ಬುದ್ಧ, ಗಣಪತಿ. ಹೆಚ್ಚಿನವರು ಇಷ್ಟು ನೋಡಿ ವಾಪಸ್ ಹೊರಡುತ್ತಾರೆ. ಒಳಗಿರುವ ಮ್ಯೂಸಿಯಮ್ಮಿಗೆ ಬೇರೆ ಟಿಕೆಟ್ ಇದೆ. ಅದನ್ನು ತೆಗೆದುಕೊಳ್ಳುವವರು ಕಡಿಮೆ. ನನ್ನ ಪ್ರಕಾರ ಮೂರರಲ್ಲಿ ಗೆಲ್ಲುವುದು ಆ ಮ್ಯೂಸಿಯಮ್ಮೇ.

ಮೈಸೂರು ಶೈಲಿಯ ಚಿತ್ರಗಳನ್ನೇ ತೆಗೆದುಕೊಳ್ಳಿ. ಮನೆಯ ದೇವರ ಗೂಡಲ್ಲೂ ಹೋಟೆಲಿನ ಗಲ್ಲಾ ಪೆಟ್ಟಿಗೆಯ ಹಿಂದೂ ಅದರ ಅಗ್ಗದ ನಕಲು ನೋಡಿ ನೋಡಿ ನಮಗೆ ಅದರ ಬೆಲೆ ಗೊತ್ತಿಲ್ಲ. ಅಸಲಿಯ ಮುಂದೆ ನೇರ ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಒಡವೆ, ಸೀರೆಯ ಅಂಚು, ಕಂಬದ ಕೆತ್ತನೆ ಎಲ್ಲವೂ ಕಾಗದದಿಂದ ಕೂದಲೆಳೆಯಷ್ಟು ಮೇಲೆ ಎದ್ದಿರುತ್ತವೆ. ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ, ಕುಂಚದ ತುದಿಯಲ್ಲಿ ಎಳೆ ಎಳೆಯಾಗಿ ಬರೆದು, ಅದರ ಮೇಲೆ ಚಿನ್ನದ ರೇಕು ಕೂರಿಸುವ ಕೆಲಸ. ಇದಕ್ಕೆ ಗೆಸ್ಸೊ ಅನ್ನುತ್ತಾರೆ. ತಂಜಾವೂರಿನವರು ಇದನ್ನೇ ದಪ್ಪಗೆ ಮಾಡಿ ಕಲ್ಲು ಕೂರಿಸುತ್ತಾರೆ, ದೂರದಿಂದಲೇ ಝಗ್ ಅನ್ನುತ್ತದೆ. ಮೈಸೂರಿನವರದು ನಾಚಿಕೆ ಸ್ವಭಾವ.

ಆಮೇಲೆ ತೊಗಲುಗೊಂಬೆಗಳು. ನಂಜುಂಡರಾವ್ ಹಳ್ಳಿಗಳಿಂದ ಹುಡುಕಿ ತಂದು ಉಳಿಸಿದವು. ಮೇಕೆಯ ತೊಗಲನ್ನು ಆಚೆಯ ಬೆಳಕು ಕಾಣುವಷ್ಟು ಹದ ಮಾಡಿ, ಬಣ್ಣ ಹಾಕಿ, ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಬಿದ್ದಾಗ ಆ ತೂತುಗಳೇ ಮುತ್ತಿನ ಸಾಲು. ಒಬ್ಬೊಬ್ಬ ಪಾತ್ರದ ಗೊಂಬೆ ಇರುವ ಹಾಗೆಯೇ, ಒಂದಿಡೀ ದೃಶ್ಯವನ್ನೇ ಒಂದು ತೊಗಲಿನಲ್ಲಿ ಬರೆದ ಗೊಂಬೆಗಳೂ ಇವೆ. ಎಷ್ಟು ಹೊತ್ತು ನಿಂತರೂ ಯಾರೂ ಮುಂದೆ ಹೋಗಿ ಅನ್ನುವುದಿಲ್ಲ.

ಅಷ್ಟು ನೋಡಿ ಪಕ್ಕಕ್ಕೆ ಬಂದರೆ ರಷ್ಯಾದ ಕಲಾವಿದರಾದ ರೋರಿಕ್ ಅಪ್ಪ-ಮಗನ ಚಿತ್ರಗಳು. ಅಪ್ಪ ನಿಕೊಲಸ್ ಬರೆದ ಹಿಮಾಲಯ, ನೀಲಿ, ನೇರಳೆ. ಮಗ ಸ್ವೆತೊಸ್ಲಾವ್ ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. ನನಗೆ ಅಪ್ಪನ ಬೆಟ್ಟಗಳೇ ಹೆಚ್ಚು ಇಷ್ಟ.

ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಈ ಸ್ಪರ್ಧೆಗೆ ಸೇರಿಸಿಲ್ಲ. ಮೈಸೂರಿನ ಕೆ. ವೆಂಕಟಪ್ಪನವರು ಅವನೀಂದ್ರನಾಥ ಠಾಕೂರರ ಶಿಷ್ಯರು. ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟದ್ದು ನೋಡಲೇಬೇಕಾದದ್ದು. ದುರಸ್ತಿಯ ನೆಪದಲ್ಲಿ ಬಾಗಿಲು ಹಾಕಿರುವ ಕಾಲವೂ ಇರುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಹಾಗಾದರೆ ಒಂದೇ ಮಧ್ಯಾಹ್ನ ಇದ್ದರೆ? ನೀವೊಬ್ಬರೇ ಆದರೆ ಪರಿಷತ್ತು. ಮೇಳದ ಕಡೆ ತಲೆ ಹಾಕದೆ ಸೀದಾ ಮ್ಯೂಸಿಯಮ್ಮಿನ ಟಿಕೆಟ್ ತೆಗೆದುಕೊಳ್ಳಿ. ಮನೆಮಂದಿ ಜೊತೆಗಿದ್ದರೆ ಮ್ಯಾಪ್, ಕಬ್ಬನ್ ಪಾರ್ಕ್ ಮೆಟ್ರೊ ಇಳಿದರೆ ನಡೆದೇ ಹೋಗಬಹುದು. ಎನ್‌ಜಿಎಂಎಗೆ ಪೂರ್ತಿ ಅರ್ಧ ದಿನ ಕೊಡುವುದಾದರೆ ಮಾತ್ರ ಹೋಗಿ. ಸೋಮವಾರ ಅದೂ ಮ್ಯಾಪೂ ಎರಡೂ ರಜಾ.