ಒಣ ಬಟ್ಟೆ ಮಾತ್ರ ಅಂದ ಮೇಲೆ ಕೊಂಡ ಚರ್ಮದ ಪ್ಯಾಡ್

ಮೊದಲೇ ಹೇಳಿಬಿಡುತ್ತೇನೆ, ಇದು ಕ್ರಿಕೆಟ್ ಬೌಲಿಂಗ್ ಅಲ್ಲ. ಲೇನ್ ಮೇಲೆ ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಆದರೆ ಚೆಂಡು ಒರೆಸುವ ತಕರಾರು ಎರಡರಲ್ಲೂ ಇದೆ ನೋಡಿ. ಕ್ರಿಕೆಟ್‌ನಲ್ಲಿ 2020ರಲ್ಲಿ ಎಂಜಲು ಹಚ್ಚಬೇಡಿ ಅಂದರು, ಇಲ್ಲಿ ಅದಕ್ಕೂ ಮೊದಲೇ ಸ್ಪ್ರೇ ಬಾಟಲಿ ಕಿತ್ತುಕೊಂಡಿದ್ದರು. ಅಮೆರಿಕದಲ್ಲಿ ಈ ಆಟದ ನಿಯಮ ಮಾಡುವ ಸಂಸ್ಥೆ ಯುಎಸ್‌ಬಿಸಿ 2019-20ರ ಸೀಸನ್‌ನಿಂದ ತಂದ ನಿಯಮ ಅದು: ಪಂದ್ಯ ನಡೆಯುವಾಗ ಯಾವ ಕ್ಲೀನರ್ ದ್ರವವೂ ಬೇಡ, ಒಣ ಟವೆಲ್‌ನಿಂದ ಒರೆಸಿಕೊಳ್ಳಿ.

ಚೆಂಡು ಒರೆಸುವ ಈ ಚರ್ಮದ ಪ್ಯಾಡ್ ನಾನು ಕೊಂಡಿದ್ದೇ ಒಂದು ಮುಜುಗರ ಆದ ಮೇಲೆ. ಈ ನಿಯಮ ಇರುವ ಪಂದ್ಯದಲ್ಲೇ, ಅಭ್ಯಾಸಬಲ, ಬ್ಯಾಗಿನಿಂದ ಬಾಟಲಿ ತೆಗೆದು ಟವೆಲ್‌ಗೆ ಎರಡು ಸಲ ಪುಸ್ ಪುಸ್ ಅನ್ನಿಸಿದೆ. ಚೆಂಡಿಗೆ ಇನ್ನೂ ಮುಟ್ಟಿಸಿರಲಿಲ್ಲ. ಪಕ್ಕದ ಲೇನಿನವರು ಮೆಲ್ಲಗೆ, "ಸಾರ್, ಅದು ಇಲ್ಲಿ ನಡೆಯಲ್ಲ, ಒಳಗಿಡಿ" ಅಂದರು. ಪುಣ್ಯಾತ್ಮರು, ಜೋರಾಗಿ ಹೇಳಲಿಲ್ಲ.

ಒರೆಸದಿದ್ದರೆ ಏನಾಗುತ್ತೆ ಅಂತ ಕೇಳಬಹುದು. ಎಸೆಯುವಾಗ ದಾಟಬಾರದ ಗೆರೆ, ಅಂದರೆ ಫೌಲ್ ಲೈನ್‌ನಿಂದ ಮೊದಲ ಪಿನ್‌ವರೆಗೆ 60 ಅಡಿ, ಅದರಲ್ಲಿ ಸುಮಾರು 40 ಅಡಿ ಎಣ್ಣೆ ಹಚ್ಚಿರುತ್ತಾರೆ. ಈಗಿನ ರಿಯಾಕ್ಟಿವ್ ರೆಸಿನ್ ಅನ್ನೋ ವಸ್ತುವಿನ ಹೊದಿಕೆ ಇರುವ ಚೆಂಡಿನ ಮೈ ತುಂಬಾ ಸಣ್ಣ ಸಣ್ಣ ರಂಧ್ರ, ಎಣ್ಣೆ ಸಿಕ್ಕರೆ ಕುಡಿಯುತ್ತಾ ಹೋಗುತ್ತದೆ. ಎಣ್ಣೆ ಮೆತ್ತಿದ ಚೆಂಡು ಲೇನ್ ಹಿಡಿಯುವುದಿಲ್ಲ, ತಿರುಗಬೇಕಾದ ಕಡೆ ತಿರುಗದೆ ಸುಮ್ನೆ ಜಾರಿ ಹೋಗುತ್ತದೆ. ಎಸೆದ ಚೆಂಡು ವಾಪಸ್ ಬಂದಾಗ ಬೆಳಕಿಗೆ ಹಿಡಿದು ನೋಡಿ. ಬಳೆಗಳನ್ನು ಒಂದರ ಪಕ್ಕ ಒಂದು ಇಟ್ಟ ಹಾಗೆ ತೆಳ್ಳನೆಯ ಎಣ್ಣೆ ಗೆರೆಗಳು ಕಾಣುತ್ತವೆ, ಎರಡು ಕಡೆ ಎಲ್ಲವೂ ಬಂದು ಸೇರುತ್ತವೆ. ಒರೆಸಬೇಕಾಗಿರೋದು ಆ ಗೆರೆಗಳನ್ನ. ಇಡೀ ಚೆಂಡನ್ನು ತಿಕ್ಕುತ್ತಾ ನಿಂತರೆ ಹಿಂದಿನವರು ಗೊಣಗುತ್ತಾರೆ.

ಇಲ್ಲಿ ಪ್ಯಾಡ್ ನಿಜಕ್ಕೂ ಚೆನ್ನಾಗಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಎರಡೂ ಬದಿ ಒರಟು ಚರ್ಮ. ಗೆರೆಯ ಮೇಲೆ ಒತ್ತಿಟ್ಟು ಚೆಂಡನ್ನೇ ತಿರುಗಿಸಿದರೆ ಒಂದೇ ಸುತ್ತಿಗೆ ಗೆರೆ ಮಾಯ. ನನ್ನ ಹಳೆಯ ಮೈಕ್ರೋಫೈಬರ್ ಟವೆಲ್‌ಗೆ ಇದೇ ಕೆಲಸಕ್ಕೆ ಮೂರು ನಾಲ್ಕು ಸಲ ತಿಕ್ಕಬೇಕು, ಅದೂ ಕೊನೆಗೆ ಎಣ್ಣೆಯನ್ನು ಹರಡುತ್ತದೋ ತೆಗೆಯುತ್ತದೋ ಅನ್ನೋ ಅನುಮಾನ ಬೇರೆ.

ತೊಂದರೆಗಳೂ ಇವೆ. ಹೊಸದರಲ್ಲಿ ಚರ್ಮದ ಪುಡಿ ಉದುರುತ್ತದೆ, ತಿಳಿ ಬಣ್ಣದ ಚೆಂಡಾದರೆ ಎದ್ದು ಕಾಣುತ್ತದೆ. ಮೂರನೇ ಗೇಮ್ ಹೊತ್ತಿಗೆ ಒಂದು ಬದಿ ಕಪ್ಪಾಗಿ ಮಿರುಗತೊಡಗಿತು, ಆ ಮೇಲೆ ಮಗ್ಗುಲು ಬದಲಿಸದೆ ವಿಧಿಯಿಲ್ಲ. ಉದ್ದದ ಪಂದ್ಯಕ್ಕೆ ಎರಡು ಇಟ್ಟುಕೊಳ್ಳೋದೇ ವಾಸಿ. ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ಕೈಯಲ್ಲೇ ತೊಳೆದು ನೆರಳಿನಲ್ಲಿ ಹಾಕಿದೆ, ಮರುದಿನ ರಟ್ಟಿನ ಹಾಗೆ ಸೆಟೆದುಕೊಂಡಿತ್ತು. ಎರಡು ಕೈಯಲ್ಲಿ ಹಿಡಿದು ಬಟ್ಟೆ ಒಗೆದ ಹಾಗೆ ಉಜ್ಜಿದ ಮೇಲೆ ಮೆತ್ತಗಾಯಿತು. ಪೂರ್ತಿ ಒಣಗುವ ತನಕ ಕಾಯಿರಿ, ಹಸಿ ಪ್ಯಾಡ್ ಹಿಡಿದು ಪಂದ್ಯಕ್ಕೆ ಹೋದರೆ ಒಣ ಬಟ್ಟೆ ನಿಯಮಕ್ಕೆ ಅರ್ಥವೇ ಇಲ್ಲ ಅಲ್ವಾ.

ನನಗೆ ಸಿಟ್ಟು ಬಂದಿದ್ದು ಪ್ಯಾಕೆಟ್ ನೋಡಿ. ಪ್ಯಾಡ್ ಜೊತೆ ಕ್ಲೀನರ್ ಬಾಟಲಿ, ಉಜ್ಜುವ ಮರಳುಕಾಗದದಂಥ ಡಿಸ್ಕ್ ಎಲ್ಲ ಒಂದೇ ಚೀಲದಲ್ಲಿ, ಮೇಲೆ "ಪಂದ್ಯದ ಕಿಟ್" ಅಂತ ದೊಡ್ಡ ಅಕ್ಷರ. ಪಂದ್ಯದ ಮಧ್ಯೆ ಆ ಡಿಸ್ಕ್‌ನಿಂದ ಚೆಂಡಿನ ಮೈ ಉಜ್ಜಿದರೆ ಅದು ಬಾಟಲಿಗಿಂತ ದೊಡ್ಡ ತಪ್ಪು. ಪಂದ್ಯ ನಡೆಯುವಾಗ ಚೆಂಡಿನ ಮೇಲ್ಮೈ ಬದಲಿಸುವುದನ್ನು ಯುಎಸ್‌ಬಿಸಿ ಒಪ್ಪುವುದಿಲ್ಲ. ಹೊಸಬರು ಚೀಲ ನಂಬಿದರೆ ಗೇಮನ್ನೇ ಕಳೆದುಕೊಳ್ಳಬಹುದು. ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಬಾಟಲಿಯನ್ನು ನಾನು ಈಗ ಕೊನೆಯ ಫ್ರೇಮ್ ಮುಗಿದು ಸ್ಕೋರ್ ಬಂದ ಮೇಲೆ, ಚೆಂಡು ಇನ್ನೂ ಬೆಚ್ಚಗಿರುವಾಗಲೇ ಬಳಸುತ್ತೇನೆ. ಎಣ್ಣೆ ಒಳಗೆ ಇಳಿಯುವ ಮೊದಲು ತೆಗೆದರೆ ಸುಲಭ.

ಪ್ಯಾಡ್‌ಗೆ ಐದಕ್ಕೆ ನಾಲ್ಕು, ಚೀಲಕ್ಕೆ ಒಂದು. ಪ್ಯಾಡ್‌ಗೆ ಐದೂ ಕೊಡುತ್ತಿದ್ದೆ, ಆದರೆ ನೇತು ಹಾಕಲು ಒಂದು ದಾರವೂ ಇಲ್ಲ. ಎರಡು ಸಲ ಬೆಂಚಿನ ಕೆಳಗೆ ಬಿದ್ದು ಧೂಳು ಹಿಡಿದು ಬಂತು, ಕೊನೆಗೆ ಹಳೆಯ ಶೂ ಲೇಸ್ ಹೊಲಿದೆ.