ಮಲೆನಾಡಿನ ಮಳೆಗೆ ಯಾವ ಆಕ್ಸಿಜನ್ ಸೆನ್ಸರ್: ಕಪ್ಲರ್ ಸಮೇತದ್ದೋ, ಯೂನಿವರ್ಸಲ್ಲೋ?

ಆಕ್ಸಿಜನ್ ಸೆನ್ಸರ್ ಎಂದರೆ ಹೊಗೆ ಪೈಪಿನಲ್ಲಿ ಕೂತು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಭಾಗ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದಿನಾ ಓಡುವ ಕಾರಾದರೆ ಕಪ್ಲರ್ (ಕಾರಿನ ವೈರಿಗೆ ನೇರ ಸಿಕ್ಕಿಸುವ ಪ್ಲಗ್) ಸಮೇತ ಬರುವ ಡೈರೆಕ್ಟ್ ಫಿಟ್ ಸೆನ್ಸರನ್ನೇ ಹಾಕಿಸಿ. ವೈರ್ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಅಗ್ಗ, ನಿಜ. ಬಾಷ್, ಡೆನ್ಸೊ, ಎನ್‌ಟಿಕೆ ಯಾವುದೇ ಇರಲಿ, ಅಸಲಿ ಮಾಲಾದರೆ ಯೂನಿವರ್ಸಲ್ ಸೆನ್ಸರೂ ಸರಿಯಾಗೇ ಅಳೆಯುತ್ತದೆ. ನಮ್ಮ ಮಳೆಯಲ್ಲಿ ಕೈಕೊಡುವುದು ಅದರ ಜಾಯಿಂಟು.

ಸೆನ್ಸರ್ ವೋಲ್ಟೇಜ್ ಕೊಡುವುದು ಹೊಗೆಯಲ್ಲಿರುವ ಆಮ್ಲಜನಕವನ್ನು ಹೊರಗಾಳಿಯದಕ್ಕೆ ಹೋಲಿಸಿ. ಆ ಹೊರಗಾಳಿ ಬಹಳಷ್ಟು ಸೆನ್ಸರುಗಳಲ್ಲಿ ವೈರಿನ ಎಳೆಗಳ ಸಂದಿಯಿಂದಲೇ ಒಳಗೆ ಹೋಗುತ್ತದೆ. ಜಾಯಿಂಟಿಗೆ ಸೋಲ್ಡರ್ ಹಾಕಿದರೆ ಅದು ಎಳೆಗಳ ನಡುವೆ ಇಳಿದು ಆ ದಾರಿ ಮುಚ್ಚುತ್ತದೆ. ಹಾಗಂತ ಬರೀ ತಿರುಚಿ ಕಪ್ಪು ಟೇಪ್ ಸುತ್ತಿದರೆ ಪುನರ್ವಸು, ಪುಷ್ಯ ಮಳೆ ಮುಗಿಯುವುದರೊಳಗೆ ಅಂಟು ಬಿಟ್ಟು, ನೀರು ಅದೇ ಸಂದಿಯಲ್ಲಿ ಹತ್ತಿಕೊಂಡು ಹೋಗುತ್ತದೆ. ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ಸೆನ್ಸರನ್ನು ಕಾಯಿಸುವ ಹೀಟರಿನ ವೈರಿಗೆ ಕಿಲುಬು ಬಂದರೆ ಸ್ಕ್ಯಾನರಿನಲ್ಲಿ ದೋಷದ ಕೋಡ್ ಬರುತ್ತದೆ: ಎಂಜಿನ್ ಕಡೆಯ ಮುಂದಿನ ಸೆನ್ಸರಿಗೆ ಪಿ0135, ಸೈಲೆನ್ಸರ್ ಕಡೆಯ ಹಿಂದಿನದಕ್ಕೆ ಪಿ0141. ಹೊರಗಾಳಿಯ ದಾರಿ ಕಟ್ಟಿದರೆ ಇನ್ನೂ ಕಷ್ಟ: ವೋಲ್ಟೇಜ್ ಇಳಿಯುತ್ತದೆ, ಪೆಟ್ರೋಲ್ ಕಡಿಮೆಯಾಗಿದೆ ಎಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಸೈಲೆನ್ಸರ್ ಬಾಯಿಗೆ ಮಸಿ ಕಟ್ಟುತ್ತದೆ, ಆದರೆ ಚೆಕ್ ಎಂಜಿನ್ ಲೈಟ್ ಕೂಡಲೇ ಬರಬೇಕೆಂದಿಲ್ಲ. ಆಗ ಸೆನ್ಸರೇ ಡೂಪ್ಲಿಕೇಟು ಎಂದು ಎರಡನೆಯದು ಕೊಂಡರೆ, ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು.

ಬಣ್ಣದ ತೊಡಕೂ ಇದೆ. ಬಾಷ್‌ನ ನಾಲ್ಕು ವೈರಿನ ಸೆನ್ಸರಿನಲ್ಲಿ ಎರಡು ಬಿಳಿ ಹೀಟರಿನವು, ಕಪ್ಪು ಸಿಗ್ನಲ್, ಬೂದು ಗ್ರೌಂಡ್. ಡೆನ್ಸೊದಲ್ಲಿ ಎರಡು ಕಪ್ಪು ಹೀಟರಿನವು, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ ಎಂದು ಜೋಡಿಸಿದರೆ ಕೆಟ್ಟಿತು.

ಯೂನಿವರ್ಸಲ್ಲೇ ಹಾಕುವುದಾದರೆ ಕ್ರಿಂಪ್ ಸ್ಲೀವ್ (ಒತ್ತಿ ಜೋಡಿಸುವ ಲೋಹದ ಕೊಳವೆ) ಬಳಸಿ, ಪ್ರತಿ ವೈರಿಗೂ ಒಳಗೆ ಗೋಂದು ಸವರಿರುವ ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ. ನಾಲ್ಕು ಜಾಯಿಂಟೂ ಒಂದೇ ಕಡೆ ಬರದಂತೆ ಮೂರ್ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ. ಗ್ರೀಸ್, ಸ್ಪ್ರೇ ಯಾವುದೂ ಒಳಗೆ ಹೋಗಬಾರದು.

ಮುಂದಿನ ಸೆನ್ಸರ್ ಐದು ವೈರಿನ ವೈಡ್‌ಬ್ಯಾಂಡ್ (ಹೆಚ್ಚು ನಿಖರವಾಗಿ ಅಳೆಯುವ ಬಗೆ) ಆಗಿದ್ದರೆ ಯೋಚನೆಯೇ ಬೇಡ, ಡೈರೆಕ್ಟ್ ಫಿಟ್. ಬಾಷ್‌ನ ಎಲ್‌ಎಸ್‌ಯು 4.9ರಲ್ಲಿ ಆಯಾ ಸೆನ್ಸರಿಗೆ ಹೊಂದಿಸಿದ ರೆಸಿಸ್ಟರ್ ಕಪ್ಲರಿನೊಳಗೇ ಇರುತ್ತದೆ. ಕಪ್ಲರ್ ಕತ್ತರಿಸಿದರೆ ಅಳತೆಯೇ ಹೋಯಿತು.

ಗುಜರಿಯದು ಬೇಡ. ಎಷ್ಟು ಸವೆದಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ಕೊಳ್ಳುವ ಮೊದಲು ಹಳೆಯದನ್ನು ಮಲ್ಟಿಮೀಟರಿನಲ್ಲಿ ನೋಡಿ. ಒಂದೇ ಬಣ್ಣದ ಎರಡು ವೈರುಗಳ ನಡುವೆ, ಎಂಜಿನ್ ತಣ್ಣಗಿರುವಾಗ, ಕೆಲವೇ ಓಮ್ ಬರಬೇಕು. ಏನೂ ಬರದಿದ್ದರೆ ಹೀಟರ್ ಸುಟ್ಟಿದೆ. ಎಂಜಿನ್ ಕಾದ ಮೇಲೆ ಮುಂದಿನ ನಾಲ್ಕು ವೈರಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಓಲಾಡುತ್ತಿದ್ದರೆ ಅದು ಚೆನ್ನಾಗಿದೆ. ಸೆನ್ಸರಿಗಿಂತ ಮೊದಲು, ಎಂಜಿನ್ ಕಡೆ, ಹೊಗೆ ಪೈಪ್ ಕೂಡುವಲ್ಲಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇದ್ದರೂ ರೀಡಿಂಗ್ ತಪ್ಪುತ್ತದೆ, ಅದನ್ನೂ ನೋಡಿ.

ಬಿಚ್ಚುವ ಕಷ್ಟ ಎರಡಕ್ಕೂ ಒಂದೇ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ, ಪಕ್ಕ ಸೀಳಿರುವ 22 ಎಂಎಂ ಸಾಕೆಟ್ಟಿನಿಂದ ತಿರುಗಿಸಿ. ಹೊಸದರ ಥ್ರೆಡ್ಡಿಗೆ ಆ್ಯಂಟಿ ಸೀಜ್ (ತಿರುಪು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿ ಬಂದಿರದಿದ್ದರೆ ತೆಳ್ಳಗೆ ಹಚ್ಚಿ, ತುದಿಗೆ ತಾಗಿಸಬೇಡಿ. ಎಂ18 ಥ್ರೆಡ್ಡಿಗೆ ಸುಮಾರು 40 ನ್ಯೂಟನ್ ಮೀಟರ್ ಬಿಗಿ ಸಾಕು.

ಶಿವಮೊಗ್ಗ ಪೇಟೆಯೊಳಗೇ ಓಡುವ ಹಳೆಯ ಕಾರು, ನಾಲ್ಕು ವೈರು, ಕ್ರಿಂಪ್ ಮಾಡಲು ಬರುವ ಕೈ, ಈ ಮೂರೂ ಇದ್ದರೆ ಯೂನಿವರ್ಸಲ್ ಸಾಕು. ವಾರಕ್ಕೊಮ್ಮೆ ಆಗುಂಬೆ, ಹುಲಿಕಲ್ ಘಾಟಿ ಇಳಿದು ಹತ್ತುವವರು ಒಂದು ತಿಂಗಳು ತಡೆದಾದರೂ ಡೈರೆಕ್ಟ್ ಫಿಟ್ ತರಿಸಿ. ಅಂಗಡಿಗೆ ಕಾರಿನ ಹೆಸರಷ್ಟೇ ಹೇಳಿದರೆ ಸಾಲದು. ಹಳೆಯ ಸೆನ್ಸರಿನ ಮೇಲಿನ ಪಾರ್ಟ್ ನಂಬರ್ ಕೊಡಿ, ವೈರಿನ ಉದ್ದವನ್ನೂ ಹೋಲಿಸಿ. ಉದ್ದ ಕಡಿಮೆಯಾದರೆ ಎಳೆದು ಕಟ್ಟಬೇಕಾಗುತ್ತದೆ. ಹೆಚ್ಚಾದರೆ ಜೋತುಬಿದ್ದು ಕಾದ ಪೈಪಿಗೆ ತಾಗುತ್ತದೆ. ಹಳೆಯ ಕ್ಲಿಪ್ಪಿನಲ್ಲೇ ವೈರ್ ಕೂರಿಸಿದ ಮೇಲೆ ಕಾರು ಜಾಕಿನಿಂದ ಇಳಿಸಿ.