ಗೈಗರ್ ಕೌಂಟರ್ ಕೊಂಡೆ: ಪಾಠಕ್ಕೆ ಭೇಷ್, ರಿಯಾಕ್ಟರ್ ಅಪಾಯ ಅಳೆಯೋಕೆ ಬೇಡ

ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ರೇಡಿಯೇಷನ್ ಪಾಠಕ್ಕೆ ಅಂತ ಆನ್‌ಲೈನ್‌ನಲ್ಲಿ ಜೇಬಿಗೆ ಹಿಡಿಸುವ ಗೈಗರ್ ಕೌಂಟರ್, ಅಂದರೆ ರೇಡಿಯೇಷನ್ ಅಳೆಯುವ ಮಷಿನ್, ತರಿಸಿದೆ. ಸುಮಾರು ಐದು ಸಾವಿರ ರೂಪಾಯಿ, ಮೊಬೈಲ್ ಚಾರ್ಜರ್ ಸಾಕು. ಮಷಿನ್ ಚೆನ್ನಾಗಿದೆ. ಆದರೆ ಅಣುಸ್ಥಾವರದ ಅಪಾಯ ಮನೆಯಲ್ಲೇ ಗೊತ್ತಾಗುತ್ತದೆ ಅಂತ ಮಾರುವವರು ಹೇಳಿಕೊಂಡಿದ್ದಾರಲ್ಲ, ಅದನ್ನು ನಂಬಿ ರೊಕ್ಕ ಹಾಕಬೇಡಿ.

ಕ್ಲಾಸಿನಲ್ಲಿ ಶಹಾಬಾದ್ ಫರಸಿ ಮೇಲೆ ಇಟ್ಟರೆ ಟಿಕ್... ಟಿಕ್... ಅಂತ ನಿಧಾನ. ಯಾದಗಿರಿ ಕೋಟೆ ಗುಡ್ಡದ ಗ್ರಾನೈಟ್ ಮೇಲೆ ಸ್ವಲ್ಪ ಜಾಸ್ತಿ. ರೇಡಿಯೇಷನ್ ಸೂಸುವ ಥೋರಿಯಂ ಇರುವ ಹಳೇ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಹತ್ತಿರ ಹಿಡಿದರಂತೂ ಸದ್ದು ಬಿಡುವೇ ಇಲ್ಲ, ಮಕ್ಕಳೆಲ್ಲ ಬೆಂಚು ಬಿಟ್ಟು ಎದ್ದು ಬಂದರು. ಒಂದೆರಡು ನಿಮಿಷ ಅಲ್ಲಾಡಿಸದೆ ಇಡಬೇಕು, ಇಲ್ಲದಿದ್ದರೆ ಅಂಕಿ ಸುಮ್ನೆ ಕುಣಿಯುತ್ತದೆ.

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇದೆಯಲ್ಲ, ಆ ಕಡೆಯವರು ಬಾವಿ ನೀರಿಗೆ ಇದನ್ನು ಹಿಡಿದು ನೋಡಬಹುದಾ ಅಂತ ಕೇಳುತ್ತಾರೆ. ಆಗಲ್ಲ. ಯುರೇನಿಯಂ ಬಿಡುವ ಆಲ್ಫಾ ಕಣ ಈ ಮಷಿನ್‌ನ ಗಾಜಿನ ಟ್ಯೂಬ್ ದಾಟಿ ಒಳಗೆ ಬರುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 30 ಮೈಕ್ರೋಗ್ರಾಂ, ಅದನ್ನು ಲ್ಯಾಬ್‌ನಲ್ಲೇ ನೋಡಿಸಬೇಕು. ಕೈಗಾ ಅಣುಸ್ಥಾವರದಲ್ಲಿ 2009ರಲ್ಲಿ ಟ್ರಿಟಿಯಂ (ರೇಡಿಯೇಷನ್ ಸೂಸುವ ಹೈಡ್ರೋಜನ್) ಇದ್ದ, ರಿಯಾಕ್ಟರ್‌ಗೆ ಬಳಸುವ ಭಾರಜಲವನ್ನು ಯಾರೋ ಕುಡಿಯುವ ನೀರಿನ ಕೂಲರ್‌ಗೆ ಬೆರೆಸಿದ್ದರು. ಗೊತ್ತಾದದ್ದು ನೌಕರರ ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ಬಿಡುವ ಬೀಟಾ ಕಣ ಅಷ್ಟು ದುರ್ಬಲ, ಆ ಕೂಲರ್ ಪಕ್ಕದಲ್ಲೇ ಈ ಮಷಿನ್ ಇಟ್ಟಿದ್ದರೂ ಅಪಾಯ ಇಲ್ಲ ಅನ್ನುವ ಹಸಿರು ಬಣ್ಣ ತೋರಿಸಿಕೊಂಡೇ ಕೂತಿರುತ್ತಿತ್ತು.

ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಇದು ಹೇಳುವುದು ಈ ಕ್ಷಣದ ರೇಡಿಯೇಷನ್ ಮಾತ್ರ, ರಿಯಾಕ್ಟರ್‌ನ ಅಪಾಯ ಇರುವುದು ನಾಳೆ ಏನು ಕೆಡಬಹುದು ಅನ್ನುವುದರಲ್ಲಿ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಇಂಧನ ಬಿಸಿ ಬಿಡುತ್ತಲೇ ಇರುತ್ತದೆ, ಅದನ್ನು ತಣಿಸುತ್ತಲೇ ಇರಬೇಕು. ಹೊರಗಿನ ಕರೆಂಟ್ ಹೋದರೆ? ಡೀಸೆಲ್ ಜನರೇಟರ್ ಶುರುವಾಗದಿದ್ದರೆ? ಪಂಪ್ ಕೈಕೊಟ್ಟರೆ? ಎಂಜಿನಿಯರ್‌ಗಳು ಹೀಗೆ ಒಂದೊಂದೇ ಕವಲು ಹಿಡಿದು ಸಾಧ್ಯತೆಗಳನ್ನು ಗುಣಿಸುತ್ತಾ ಹೋಗುತ್ತಾರೆ. ಈಗಿರುವ ರಿಯಾಕ್ಟರ್‌ಗಳಿಗೆ ಅಂತರರಾಷ್ಟ್ರೀಯ ಗುರಿ ಏನಂದರೆ, ಒಂದೊಂದು ರಿಯಾಕ್ಟರ್‌ನಲ್ಲೂ ಇಂಧನಕ್ಕೆ ದೊಡ್ಡ ಹಾನಿ ಆಗುವ ಸಾಧ್ಯತೆ ವರ್ಷಕ್ಕೆ 10,000ದಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು. ಗುಣಿಸುವುದು ಸರಿ ಹೋಗುವುದು ಒಂದೊಂದೂ ಬೇರೆ ಬೇರೆಯಾಗಿ ಕೆಡುತ್ತದೆ ಅಂದುಕೊಂಡಾಗ ಮಾತ್ರ. ಕಷ್ಟ ಬರುವುದು ಒಂದೇ ಏಟಿಗೆ ಎಲ್ಲವೂ ಕೆಟ್ಟಾಗ, ಆಗ ಆ ಗುಣಾಕಾರಕ್ಕೆ ಅರ್ಥವೇ ಉಳಿಯಲ್ಲ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಆದದ್ದು ಇದೇ: ಭೂಕಂಪಕ್ಕೆ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು, ಆಮೇಲೆ ಸುನಾಮಿ ನೀರು ನುಗ್ಗಿ ಒಂದರಿಂದ ನಾಲ್ಕನೇ ಘಟಕಗಳ ಜನರೇಟರ್‌ಗಳೆಲ್ಲ ಒಟ್ಟಿಗೆ ಕೈಕೊಟ್ಟವು, ಮೂರು ಕಡೆ ಇಂಧನ ಕರಗಿತು. ನಮ್ಮ ದೇಶದ ನರೋರಾ (ಉತ್ತರ ಪ್ರದೇಶ) ಅಣುಸ್ಥಾವರದಲ್ಲೂ 1993ರಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರದಲ್ಲಿ ಕರೆಂಟೇ ಇರಲಿಲ್ಲ. ಅಲ್ಲಿನ ಸಿಬ್ಬಂದಿ ಡೀಸೆಲ್ ಎಂಜಿನ್‌ನ ಅಗ್ನಿಶಾಮಕ ಪಂಪಿನಿಂದ ನೀರು ಹಾಯಿಸಿ ರಿಯಾಕ್ಟರ್ ಉಳಿಸಿದರು. ಆ ಬೆಂಕಿಯ ಹಿಂದಿನ ದಿನ ಗೇಟಿನ ಹೊರಗೆ ಈ ಮಷಿನ್ ಹಿಡಿದು ನಿಂತಿದ್ದರೆ ಏನು ತಿಳಿಯುತ್ತಿತ್ತು ಹೇಳಿ? ಕೇಬಲ್‌ಗಳು ಬೇರೆ ಬೇರೆ ದಾರಿಯಲ್ಲಿ ಹೋಗಿವೆಯಾ, ಜನರೇಟರ್ ಎಷ್ಟು ಎತ್ತರದಲ್ಲಿದೆ, ಕೇಳಬೇಕಾದ್ದು ಇದನ್ನೇ ಅಲ್ವಾ?

ಬ್ಯಾಟರಿ ಪರವಾಗಿಲ್ಲ. ಅಲಾರಂ ಸದ್ದು ಕಿವಿ ಚುಚ್ಚುತ್ತದೆ, ಕಡಿಮೆ ಮಾಡುವ ಆಯ್ಕೆ ಇಲ್ಲ. ಮೇಷ್ಟ್ರುಗಳು ಧಾರಾಳವಾಗಿ ಕೊಳ್ಳಿ, ಐದಕ್ಕೆ ನಾಲ್ಕು ಸ್ಟಾರ್. ಗೋಗಿ ಕಡೆಯವರು ಮಾತ್ರ ಈ ದುಡ್ಡನ್ನು ನೀರಿನ ಪರೀಕ್ಷೆಗೆ ಇಟ್ಟುಕೊಳ್ಳಿ.